ಚಪ್ಪಲಿ ಕಾಯುವವರು ಒಳಗೆ ಬನ್ನಿ

(ಹಾರನಹಳ್ಳಿಯಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಒಂದು ದಿನದ ಪ್ರವಾಸದಲ್ಲಿ, ಗುಡಿ ನೋಡಿ ಬಂದ ಮೇಲೆ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದೆ.)



ಬಿಸಿಲು ಏರಿದೆ. ಹೊಟ್ಟೆ ಹಸಿದಿದೆ. ಚಿತ್ರಾನ್ನದ ಪಾತ್ರೆ ಅಲ್ಲೇ ಕಾಣ್ತಾ ಇದೆ, ನಿಮ್ಮೆಲ್ಲರ ಕಣ್ಣೂ ಆ ಕಡೆಗೇ ಇದೆ ಅನ್ನೋದು ನಮಗೂ ಗೊತ್ತು. ಅದಕ್ಕೇ ಉದ್ದಕ್ಕೆ ಭಾಷಣ ಬಿಗಿಯೋಲ್ಲ. ಆದರೆ ಇವತ್ತು ಬೆಳಿಗ್ಗೆ ಒಂದು ಸಂಗತಿ ನಡೀತು. ಅದನ್ನು ಮಾತಾಡದೆ ಉಂಡರೆ ಅನ್ನ ಗಂಟಲಲ್ಲಿ ಇಳಿಯೋಲ್ಲ.

ಅರಸೀಕೆರೆಯಿಂದ ಬಸ್ಸು ಹತ್ತಿ ಬಂದೆವು. ಎಂಟು ಕಿಲೋಮೀಟರು, ಹಾಡು ಮುಗಿಯೋದರೊಳಗೆ ಊರು ಬಂತು. ಲಕ್ಷ್ಮೀನರಸಿಂಹನ ಗುಡಿ ಮುಂದೆ ಚಪ್ಪಲಿ ಬಿಟ್ಟೆವು, ಒಳಗೆ ಹೋದೆವು. ಸುತ್ತಿ ನೋಡಿ ಹೊರಗೆ ಬಂದರೆ, ನಮ್ಮಲ್ಲೊಬ್ಬ ತಮ್ಮ ಚಪ್ಪಲಿ ರಾಶಿ ಪಕ್ಕದಲ್ಲೇ ಕೂತಿದ್ದ. ಎಲ್ಲರ ಚಪ್ಪಲಿಯನ್ನೂ ಜೊತೆ ಜೊತೆಯಾಗಿ ಸಾಲಿಗೆ ಜೋಡಿಸಿದ್ದ. 'ಯಾಕೋ, ನೀನು ಬರಲಿಲ್ವಾ?' ಅಂದರೆ, 'ಯಾರಾದ್ರೂ ನೋಡ್ಕೋಬೇಕಲ್ಲ ಸಾರ್, ನೀವು ನೋಡ್ಕೊಂಡ್ ಬನ್ನಿ' ಅಂದ. ನಾವೂ ಸುಮ್ಮನಾದೆವು. ಆಮೇಲೆ ಟೀ ಕುಡಿಯುವಾಗ ಮೆಲ್ಲಗೆ ಬಾಯಿ ಬಿಟ್ಟ. ಅವನ ಊರಲ್ಲಿ ಗುಡಿ ಕಟ್ಟೆ ಮೇಲೆ ಕಾಲಿಟ್ಟಿದ್ದಕ್ಕೆ ಅವನ ಅಪ್ಪ ದಂಡ ಕಟ್ಟಿದ್ದಾನೆ. 'ಊರ ಹೆಸರು ಹೇಳಬೇಡಿ ಸಾರ್' ಅಂದ. ಹೇಳೋಲ್ಲ. ಅವನ ಹೆಸರನ್ನೂ ಹೇಳೋಲ್ಲ. ನಿಮ್ಮಲ್ಲಿ ಎಷ್ಟೋ ಜನಕ್ಕೆ ಅದು ನಿಮ್ಮ ಊರಿನ ಹಾಗೇ ಕೇಳಿಸಿರಬೇಕು.

ಇವತ್ತು ಅವನನ್ನು ಇಲ್ಲಿ ಯಾರೂ ತಡೆದಿಲ್ಲ. ಯಾರೂ 'ಯಾವ ಜನ' ಅಂತ ಕೇಳಲಿಲ್ಲ. ಅವನ ಊರಿನ ಕಟ್ಟೆ ಅವನ ಜೊತೆ ಬಸ್ಸಲ್ಲಿ ಬಂದು ಇಲ್ಲಿ ಅಡ್ಡ ನಿಂತಿತು. ನಮ್ಮ ಇವತ್ತಿನ ಮಾತು ಇಷ್ಟೇ: ರಜಾ ದಿನದಲ್ಲಿ ಇಂಥ ಜಾಗಗಳಿಗೆ ನಾವು ಯಾಕೆ ಹೋಗಬೇಕು, ಹೋದರೆ ಹೇಗೆ ನೋಡಬೇಕು.

ಮೊದಲು ಬಾಬಾಸಾಹೇಬರ ಒಂದು ಪ್ರವಾಸದ ಕತೆ ಹೇಳ್ತೇವೆ. ಅವರು ಓದಿದ್ದು, ಬರೆದದ್ದು, ಕಾನೂನು ಮಾಡಿದ್ದು ನಿಮಗೆ ಗೊತ್ತು. ಅವರೂ ನಮ್ಮ ಹಾಗೇ ಬಸ್ಸು ಮಾಡಿಕೊಂಡು, ಜೊತೆಗಾರರನ್ನು ಕೂಡಿಸಿಕೊಂಡು ಹಳೇ ಕಟ್ಟಡ ನೋಡೋಕೆ ಹೋಗಿದ್ದರು ಅನ್ನೋದು ಎಷ್ಟು ಜನಕ್ಕೆ ಗೊತ್ತು?

೧೯೩೪ನೇ ಇಸವಿ. ಚಳವಳಿಯಲ್ಲಿ ಜೊತೆಗೆ ದುಡಿದ ಗೆಳೆಯರು, ಸುಮಾರು ಮೂವತ್ತು ಜನ, ವೇರೂಳಿನ ಬೌದ್ಧ ಗುಹೆಗಳನ್ನು ನೋಡಬೇಕು ಅಂತ ಹೊರಟರು. ಅದೇ ಎಲ್ಲೋರ. ದಾರಿಯಲ್ಲಿ ದೌಲತಾಬಾದ್ ಕೋಟೆ. ಆಗ ಅದು ಹೈದರಾಬಾದ್ ನಿಜಾಮರ ಸೀಮೆ. ಮೈ ತುಂಬಾ ದಾರಿಯ ಧೂಳು. ಕೋಟೆ ಬಾಗಿಲಲ್ಲಿ ಒಂದು ಸಣ್ಣ ಕೊಳ, ನೀರು ತುಂಬಿ ನಿಂತಿತ್ತು. ಕೆಲವರು ಕೈಕಾಲು ಮುಖ ತೊಳೆದುಕೊಂಡರು. ಅಷ್ಟೇ. ಹಿಂದಿನಿಂದ ಒಬ್ಬ ಮುದುಕ ಕೂಗಿಕೊಂಡು ಬಂದ, ಹೊಲೆಯರು ಕೊಳ ಕೆಡಿಸಿದರು ಅಂತ. ಜನ ಸೇರಿದರು, ಬೈದರು, ಹೊಡೆಯೋಕೆ ನಿಂತರು. ಆ ಮುದುಕ ಮುಸಲ್ಮಾನ. ಅದು ರಂಜಾನ್ ತಿಂಗಳು. ಬಾಬಾಸಾಹೇಬರು ಕೇಳಿದರು: ನಿಮ್ಮ ಧರ್ಮ ಹೇಳಿಕೊಟ್ಟದ್ದು ಇದೇ ಏನು? ಅಸ್ಪೃಶ್ಯನೊಬ್ಬ ನಿಮ್ಮ ಧರ್ಮಕ್ಕೆ ಸೇರಿದರೆ ಆಗಲೂ ಈ ನೀರು ಮುಟ್ಟಬೇಡ ಅಂತೀರಾ? ಆಗ ಅವರೆಲ್ಲ ಬಾಯಿ ಮುಚ್ಚಿದರು. ಕೊನೆಗೆ ಕೋಟೆ ಒಳಗೆ ಬಿಟ್ಟರು. ಆದರೆ ಒಂದು ಷರತ್ತು: ಒಳಗೆ ಎಲ್ಲೂ ನೀರು ಮುಟ್ಟಬಾರದು. ಮುಟ್ಟದ ಹಾಗೆ ನೋಡಿಕೊಳ್ಳೋಕೆ ಒಬ್ಬ ಬಂದೂಕಿನ ಸಿಪಾಯಿಯನ್ನು ಜೊತೆಗೆ ಕಳಿಸಿದರು.

ಯೋಚನೆ ಮಾಡಿ. ಆಗ ಅವರಿಗೆ ೪೩ ವರ್ಷ. ಕೊಲಂಬಿಯದಲ್ಲಿ, ಲಂಡನ್ನಿನಲ್ಲಿ ಓದಿ ಬಂದವರು. ಬ್ಯಾರಿಸ್ಟರು. ದುಂಡು ಮೇಜಿನ ಪರಿಷತ್ತಿನಲ್ಲಿ ಬ್ರಿಟಿಷ್ ಸರ್ಕಾರದ ಎದುರು ನಮ್ಮ ಪರವಾಗಿ ಮಾತಾಡಿದವರು. ಅಂಥವರು ಕೋಟೆ ನೋಡುವಾಗ ಹಿಂದೆ ಸಿಪಾಯಿ. ಈ ಕಾಯಿಲೆ ಒಂದು ಧರ್ಮದಲ್ಲಿ ಹುಟ್ಟಿ ಪಕ್ಕದ ಮನೆಗೂ ಹಬ್ಬಿದೆ ಅನ್ನೋದನ್ನು ಅವರು ಅಲ್ಲಿ ಕಂಡರು. 'ವೀಸಾಗಾಗಿ ಕಾಯುತ್ತಾ' ಅನ್ನೋ ಬರಹದಲ್ಲಿ ಅವರೇ ಇದನ್ನೆಲ್ಲ ಬರೆದಿದ್ದಾರೆ. ಹಾಸ್ಟೆಲ್ಲಿನಲ್ಲಿ ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿ.

ಅಲ್ಲಿಂದ ೧೩ ವರ್ಷಕ್ಕೆ, ೧೯೪೭ರಲ್ಲಿ, ಅವರು ಸಂವಿಧಾನದ ಕರಡು ಸಮಿತಿ ಅಧ್ಯಕ್ಷರಾದರು. ೧೯೫೦ರ ಜನವರಿ ೨೬ಕ್ಕೆ ಸಂವಿಧಾನ ಜಾರಿಗೆ ಬಂತು. ಅದರ ೧೫ನೇ ವಿಧಿಯ ಎರಡನೇ ಭಾಗ ಓದಿ ನೋಡಿ. ಅಂಗಡಿ, ಹೋಟೆಲು, ಮನರಂಜನೆಯ ಜಾಗ. ಸರ್ಕಾರದ ದುಡ್ಡಿನಿಂದ ನಡೆಯುವ ಅಥವಾ ಸಾರ್ವಜನಿಕರಿಗೆ ಬಿಟ್ಟುಕೊಟ್ಟ ಬಾವಿ, ಕೆರೆ, ಸ್ನಾನದ ಘಟ್ಟ, ರಸ್ತೆ, ಜನ ಸೇರುವ ಜಾಗ. ಇಲ್ಲಿ ಯಾರನ್ನೂ ಜಾತಿ ಕಾರಣಕ್ಕೆ ತಡೆಯುವ ಹಾಗಿಲ್ಲ. ಇದನ್ನು ಓದುವಾಗಲೆಲ್ಲ ನಮಗೆ ದೌಲತಾಬಾದಿನ ಆ ಕೊಳ ಕಣ್ಣ ಮುಂದೆ ಬರುತ್ತೆ. ೧೭ನೇ ವಿಧಿ ಅಸ್ಪೃಶ್ಯತೆಯನ್ನೇ ತೆಗೆದುಹಾಕಿತು. ೧೯೫೫ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಬಂತು, ೧೯೭೬ರಲ್ಲಿ ಅದನ್ನು ಬಿಗಿ ಮಾಡಿ ನಾಗರಿಕ ಹಕ್ಕುಗಳ ರಕ್ಷಣಾ ಕಾಯಿದೆ ಅಂತ ಹೆಸರಿಟ್ಟರು. ೧೯೮೯ರಲ್ಲಿ ದೌರ್ಜನ್ಯ ತಡೆ ಕಾಯಿದೆ ಬಂತು. ಇನ್ನು ಇಂಥ ಹಳೇ ಕಟ್ಟಡಗಳಿಗೇ ೧೯೫೮ರ ಪ್ರಾಚೀನ ಸ್ಮಾರಕಗಳ ಕಾಯಿದೆ ಇದೆ. ಸಂರಕ್ಷಿತ ಸ್ಮಾರಕಕ್ಕೆ ಬರುವ ಹಕ್ಕು ಸಾರ್ವಜನಿಕರದ್ದು ಅಂತ ಅದರ ೧೮ನೇ ಕಲಮಿನಲ್ಲಿದೆ. ಸಾರ್ವಜನಿಕರು ಅಂದರೆ ಯಾರು? ನಾವೂ ಹೌದು. ಮುಂದೆ ಎಲ್ಲಾದರೂ ಯಾರಾದರೂ ತಡೆದರೆ ಬೈದಾಡಬೇಡಿ, ಕೈ ಮಾಡಬೇಡಿ. ಈ ನಂಬರುಗಳನ್ನು ಹೇಳಿ. ತಡೆದವರ ಹೆಸರು, ದಿನ, ಗಂಟೆ ಬರೆದುಕೊಳ್ಳಿ. ಜೊತೆಯಲ್ಲಿದ್ದವರ ಸಹಿ ಹಾಕಿಸಿ ದೂರು ಕೊಡಿ.

ಈಗ ನಮ್ಮವರೇ ಕೆಲವರು ಕೇಳ್ತಾರೆ. ಬಸ್ಸಲ್ಲೂ ಒಬ್ಬರು ಕೇಳಿದರು. 'ಇವೆಲ್ಲ ಪುರೋಹಿತಶಾಹಿ ಕಟ್ಟಿಸಿದ ಕಲ್ಲುಗಳು. ನಮ್ಮನ್ನು ಹೊರಗಿಟ್ಟ ಗೋಡೆಗಳು. ನಮ್ಮ ಹಣ, ನಮ್ಮ ಭಾನುವಾರ ಯಾಕೆ ಇದಕ್ಕೆ ಸುರೀಬೇಕು?' ಪ್ರಶ್ನೆ ಸರಿಯಾಗಿದೆ. ತಳ್ಳಿಹಾಕೋ ಪ್ರಶ್ನೆ ಅಲ್ಲ. ಕೈ ಮುಗಿಯೋಕೆ ಬಂದಿದ್ದರೆ ನಾವೂ ಬೇಡ ಅಂತಿದ್ದೆವು. ಯಾತ್ರೆಗೆ ಹೋಗೋನು ಕಣ್ಣು ಮುಚ್ಚಿ ನಿಲ್ತಾನೆ. ನಾವು ಕಣ್ಣು ಬಿಟ್ಟುಕೊಂಡು ನಿಲ್ಲೋಕೆ ಬಂದಿದ್ದೇವೆ. ೧೯೭೩ರಲ್ಲಿ ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು. ಅದಕ್ಕೆ ಮಂತ್ರಿ ಪದವಿ ಹೋಯಿತು. ನಮ್ಮ ಹಾಸ್ಟೆಲ್ ಹುಡುಗರಿಗೆ ಏಟು ಬಿತ್ತು. ಆವತ್ತಿಂದ ನಾವು ಕಲಿತದ್ದು ಜರಡಿ ಹಿಡಿಯೋದು. ಕಲ್ಲನ್ನೂ ಜರಡಿ ಹಿಡಿಯೋಣ. ಕಾಳು ಯಾವುದು, ಬೂಸಾ ಯಾವುದು ನೋಡೋಣ. ನೋಡದೇ ಬಿಟ್ಟರೆ ಕತೆ ಹೇಳೋರು ಅವರೊಬ್ಬರೇ ಆಗ್ತಾರೆ.

ಹಾರನಹಳ್ಳಿ ಗುಡಿಯನ್ನೇ ತಗೊಳ್ಳಿ. ೧೨೩೫ರಲ್ಲಿ ಕಟ್ಟಿಸಿದ್ದು. ಹೊಯ್ಸಳರ ಕಾಲ. ಕಟ್ಟಿಸಿದವರು ಮೂವರು ಅಣ್ಣತಮ್ಮಂದಿರು: ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಸಣ್ಣ. ಅಂದರೆ ಇವತ್ತಿಗೆ ಸುಮಾರು ೭೯೦ ವರ್ಷ. ದುಡ್ಡು ಕೊಟ್ಟವರ ಹೆಸರು ಅಷ್ಟು ವರ್ಷವಾದರೂ ಉಳಿದಿದೆ. ೨೦೨೩ರ ಸೆಪ್ಟೆಂಬರಿನಲ್ಲಿ ಯುನೆಸ್ಕೋದವರು ಬೇಲೂರು, ಹಳೇಬೀಡು, ಸೋಮನಾಥಪುರ ಮೂರನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. ಹಾರನಹಳ್ಳಿ ಆ ಪಟ್ಟಿಯಲ್ಲಿಲ್ಲ. ಪಟ್ಟಿಯಿಂದ ಹೊರಗೆ ನಿಂತವರ ಸಂಕಟ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದಕ್ಕೇ ಮೊದಲು ಇಲ್ಲಿಗೇ ಬಂದೆವು.

ಕೆತ್ತಿದವರ ಹೆಸರೂ ಕೆಲವು ಉಳಿದಿವೆ. ಬೇಲೂರಿನ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿದ್ದಾರೆ. ನುಗ್ಗೇಹಳ್ಳಿಯಲ್ಲಿ, ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರಿದೆ. ರಾಜನ ಪಕ್ಕದಲ್ಲಿ ದುಡಿಯೋ ಕೈ ತನ್ನ ಹೆಸರು ಬರೆದುಕೊಂಡಿತಲ್ಲ, ಅದು ಸಣ್ಣ ಮಾತಲ್ಲ. ಇದು ಕಾಳು, ಇಟ್ಟುಕೊಳ್ಳಿ.

ಇನ್ನು ಮುಂದಕ್ಕೆ ಕೇಳಿ. ಇವೆಲ್ಲ ಬಳಪದ ಕಲ್ಲು. ನೆಲದಿಂದ ತೆಗೆದಾಗ ಮೆತ್ತಗಿರುತ್ತೆ, ಗಾಳಿಗೆ ಬಿದ್ದು ವರ್ಷ ಕಳೆದಂಗೆ ಗಟ್ಟಿಯಾಗುತ್ತೆ. ಅದಕ್ಕೇ ಅಷ್ಟು ನವುರಾದ ಕೆತ್ತನೆ ಆಯಿತು. ಆದರೆ ಆ ಕಲ್ಲು ತಾನೇ ನಡೆದು ಬರಲಿಲ್ಲ. ಮಣ್ಣು ಅಗೆದವರು ಯಾರು? ಬಂಡೆ ಎಬ್ಬಿಸಿದವರು ಯಾರು? ಗಾಡಿಗೆ ಎತ್ತಿ, ಎಳೆದು ತಂದು ಇಳಿಸಿದವರು ಯಾರು? ಒಳಗೆ ಕನ್ನಡಿ ಹಂಗೆ ಹೊಳೆಯೋ ದುಂಡು ಕಂಬ ನೋಡಿದಿರಿ. ಕಲ್ಲನ್ನು ತಿರುಗಿಸಿ ತಿರುಗಿಸಿ ಕಡೆದದ್ದು ಅಂತ ತಿಳಿದವರು ಹೇಳ್ತಾರೆ. ಅಷ್ಟು ಭಾರದ ಕಲ್ಲನ್ನು ಇಡೀ ದಿನ ತಿರುಗಿಸೋಕೆ ಎಷ್ಟು ರಟ್ಟೆ ಬೇಕು?

ಇನ್ನೊಂದು ಲೆಕ್ಕ ಹಾಕಿ. ಕಲ್ಲಿಗೆ ಉಳಿ ಬೇಕು. ಉಳಿ ಮೊಂಡಾದರೆ ಕುಲುಮೆಗೆ ಕೊಟ್ಟು ಹದ ಮಾಡಬೇಕು. ಕುಲುಮೆಗೆ ತಿದಿ ಬೇಕು. ತಿದಿ ಯಾವುದರಿಂದ ಆಗುತ್ತೆ? ಚರ್ಮದಿಂದ. ಎತ್ತಿನ ಕೊರಳಿಗೆ ಕಟ್ಟೋ ಪಟ್ಟಿ ಚರ್ಮ. ಬಾವಿಯಿಂದ ನೀರೆತ್ತೋ ಕಪಿಲೆಯ ಬಾನಿ ಚರ್ಮ. ಸತ್ತ ದನ ಹೊತ್ತು, ಸುಲಿದು, ಸುಣ್ಣ ತಂಗಡಿ ತೊಗಟೆಯಲ್ಲಿ ನೆನೆಹಾಕಿ ಹದ ಮಾಡಿದ ಕೈ ಯಾವುದು ಅಂತ ನಿಮಗೆ ಹೇಳಬೇಕಾಗಿಲ್ಲ. ಆ ತಿದಿ ಗಾಳಿ ಊದದೇ ಹೋಗಿದ್ದರೆ ದಾಸೋಜನ ಉಳಿಯೂ ಮೊಂಡು, ಮಲ್ಲಿತಮ್ಮನ ಉಳಿಯೂ ಮೊಂಡು. ಈ ಮಾತಿಗೆ ಶಾಸನ ತೋರಿಸಿ ಅಂತ ಯಾರಾದರೂ ಕೇಳಬಹುದು. ತಿದಿ ಹೊಲಿದವನಿಗೆ ಶಾಸನ ಹಾಕಿಸೋರು ಯಾರಿದ್ದರು? ಕುಲುಮೆ ಕೆಲಸ ಬಲ್ಲ ಯಾರನ್ನಾದರೂ ಕೇಳಿ, ತಿದಿಯಿಲ್ಲದೆ ಕಬ್ಬಿಣ ಕಾಯುತ್ತಾ ಅಂತ.

ಬೇಲೂರಿನ ಕತೆ ಹೇಳಿದರೆ ಬೆಳಗಿನ ಚಪ್ಪಲಿ ಸಂಗತಿ ಇನ್ನೂ ಚೆನ್ನಾಗಿ ತಿಳಿಯುತ್ತೆ. ಬೇಲೂರಿನ ಗುಡಿ ೧೧೧೭ರದ್ದು, ವಿಷ್ಣುವರ್ಧನ ಕಟ್ಟಿಸಿದ್ದು. ಬಿ.ಎಲ್. ರೈಸ್ ಅನ್ನೋ ಇಂಗ್ಲಿಷರ ಅಧಿಕಾರಿ ಹತ್ತೊಂಬತ್ತನೇ ಶತಮಾನದ ಕೊನೆಗೆ ಬರೆದ ಮೈಸೂರು ಗೆಜೆಟಿಯರಿನಲ್ಲಿ ಅಲ್ಲಿನ ಒಂದು ನಂಬಿಕೆ ದಾಖಲಾಗಿದೆ. ಬೇಲೂರಿನ ದೇವರ ಹೆಂಡತಿ ಬಾಬಾಬುಡನ್ ಗಿರಿಯಲ್ಲಿದ್ದಾಳಂತೆ. ದೇವರು ಅವಳನ್ನು ನೋಡೋಕೆ ಬೆಟ್ಟಕ್ಕೆ ನಡೆದು ಹೋಗ್ತಾನಂತೆ. ಅದಕ್ಕೆ ಗುಡಿಯಲ್ಲಿ ದೊಡ್ಡ ಜೋಡು ಇಟ್ಟಿರ್ತಾರೆ. ಜೋಡು ಸವೆದರೆ ಚನ್ನಗಿರಿ, ಬಸವಾಪಟ್ಟಣದ ನಮ್ಮ ಮಾದಿಗರಿಗೆ ಕನಸು ಬೀಳುತ್ತಂತೆ. ಅವರು ಹೊಸ ಜೋಡು ಹೊಲಿದು ತರಬೇಕು. ಅದನ್ನು ಒಪ್ಪಿಸೋಕೆ ಮಾತ್ರ ಗುಡಿಯ ಅಂಗಳದೊಳಗೆ ಬಿಡ್ತಿದ್ದರು.

ನಗಬೇಡಿ, ಲೆಕ್ಕ ನೋಡಿ. ಕನಸು ಬೀಳೋಕೆ ನಾವು ಬೇಕು. ಚರ್ಮ ನಮ್ಮದು, ಹೊಲಿಗೆ ನಮ್ಮದು, ದಾರಿ ಖರ್ಚು ನಮ್ಮದು. ನಾವು ಹೊಲಿದ ಜೋಡು ಗುಡಿಯೊಳಗೆ ಇರಬಹುದು. ಹೊಲಿದ ನಾವು ಅಂಗಳದಲ್ಲೇ ಇರಬೇಕು. ಜೋಡಿಗೆ ಇಲ್ಲದ ಮೈಲಿಗೆ ಹೊಲಿದ ಕೈಗೆ ಹೇಗೆ ಬಂತು?

ಮೇಲುಕೋಟೆ ಮತ್ತು ಬೇಲೂರಿನಲ್ಲಿ ವರ್ಷಕ್ಕೆ ಮೂರು ದಿನ ನಮ್ಮವರಿಗೆ ಪ್ರವೇಶ ಇತ್ತು ಅಂತಲೂ ದಾಖಲೆ ಇದೆ. ಮೇಲುಕೋಟೆಯ ದೇವರ ಮೂರ್ತಿಯನ್ನು ದೆಹಲಿಯಿಂದ ತರುವಾಗ ನಮ್ಮವರು ನೆರವಾದರು, ಅದಕ್ಕೆ ರಾಮಾನುಜಾಚಾರ್ಯರು ಆ ಹಕ್ಕು ಕೊಟ್ಟು ತಿರುಕುಲದವರು ಅಂತ ಕರೆದರು ಅನ್ನೋದು ಐತಿಹ್ಯ. ಅದನ್ನು ಹೇಳಿ ಈಗಲೂ ಕೆಲವರು ಬೀಗ್ತಾರೆ. ನಾವು ಆ ಆಚಾರ್ಯರ ಮನಸ್ಸನ್ನು ಹಳಿಯೋಕೆ ಹೋಗೋಲ್ಲ. ಉಳಿದ ೩೬೨ ದಿನದ ಲೆಕ್ಕ ಮಾತ್ರ ಕೇಳ್ತೇವೆ.

ತಂಗಿಯರೇ, ನಿಮಗೂ ಒಂದು ಮಾತು. ಇವತ್ತು ಹೆಣ್ಣುಮಕ್ಕಳ ಹಾಸ್ಟೆಲ್ಲಿನಿಂದ ಐದೇ ಜನ ಬಂದಿದ್ದೀರಿ. ಮುಂದಿನ ಸಲ ಬಸ್ಸಿನ ಅರ್ಧ ಸೀಟು ನಿಮ್ಮದಾಗಬೇಕು. ಬೇಲೂರಿನಲ್ಲಿ ಗೈಡು ಮದನಿಕೆಯರ ಸೊಂಟ, ಬಳೆ, ಕನ್ನಡಿ ತೋರಿಸಿ ಹಾಡಿ ಹೊಗಳ್ತಾನೆ. ಕೆತ್ತನೆ ಚೆಂದ ಇದೆ, ಇಲ್ಲ ಅನ್ನೋಲ್ಲ. ಆದರೆ ಕಲ್ಲಿನ ಹೆಣ್ಣಿಗೆ ಅಷ್ಟು ಮರ್ಯಾದೆ ಕೊಟ್ಟ ನಾಡಿನಲ್ಲೇ ನಮ್ಮ ಕೇರಿಯ ಹೆಣ್ಣುಮಕ್ಕಳನ್ನು ಬಸವಿ ಬಿಟ್ಟರು, ದೇವದಾಸಿ ಮಾಡಿದರು. ಅದನ್ನು ಅಪರಾಧ ಅನ್ನೋಕೆ ಕರ್ನಾಟಕದಲ್ಲಿ ೧೯೮೨ರ ಕಾಯಿದೆ ಬರಬೇಕಾಯಿತು. ಗೈಡಿನ ಮಾತು ಮುಗಿದ ಮೇಲೆ ನೀವು ಕೈ ಎತ್ತಿ ಇದನ್ನು ಕೇಳಿ.

ಹಳೇಬೀಡಿಗೂ ಹೋಗೋಣ. ಬೇಲೂರಿಗೂ ಹಳೇಬೀಡಿಗೂ ೧೬ ಕಿಲೋಮೀಟರು. ಒಂದೇ ದಿನದಲ್ಲಿ ಎರಡನ್ನೂ ನೋಡಬಹುದು. ಹಳೇಬೀಡಿನಲ್ಲಿ ಪುರಾತತ್ವ ಇಲಾಖೆಯ ಮ್ಯೂಸಿಯಂ ಇದೆ. ಅಲ್ಲಿ ಗೈಡು ಮೊದಲು ಹೇಳೋದು ೧೩೧೧ರಲ್ಲಿ ಮಲಿಕ್ ಕಾಫರನ ದಂಡು ಬಂದ ಕತೆ. ದಂಡು ಬಂದದ್ದು ನಿಜ. ಆದರೆ ಒಡೆದವರ ಕತೆ ಗಂಟೆಗಟ್ಟಲೆ ಹೇಳೋರು ಹೊತ್ತವರ ಕತೆ ಒಂದು ನಿಮಿಷವೂ ಹೇಳೋಲ್ಲ. ದೋರಸಮುದ್ರ ಅನ್ನೋ ರಾಜಧಾನಿ ಹೆಸರೇ ಕೆರೆಯಿಂದ ಬಂದದ್ದು. ಅರಸೀಕೆರೆ ಹೆಸರಲ್ಲೂ ಕೆರೆ. ಇಲ್ಲಿ ಹಾರನಹಳ್ಳಿಯಲ್ಲಿ ಕೋಡಿಮಠ ಅಂತಾರೆ, ಕೋಡಿ ಅಂದರೆ ಕೆರೆ ತುಂಬಿ ಹರಿಯೋ ಜಾಗ. ಗುಡಿ ನೋಡಿದ ಮೇಲೆ ಕೆರೆ ಏರಿ ಮೇಲೆ ಒಂದು ಸಲ ನಡೀರಿ. ಅಷ್ಟು ಮಣ್ಣು ಬುಟ್ಟಿಯಲ್ಲಿ ಹೊತ್ತು ಹಾಕಿದ್ದು. ಕೆರೆ ತೂಬು ತೆಗೆದು ಗದ್ದೆ ಗದ್ದೆಗೆ ನೀರು ಹಂಚುತ್ತಿದ್ದ ನೀರುಗಂಟಿ ಎಷ್ಟೋ ಊರಲ್ಲಿ ನಮ್ಮವನೇ. ಊರ ಗಡಿ ಎಲ್ಲಿ ಅಂತ ಜಗಳ ಬಂದರೆ ಗೌಡ, ಶ್ಯಾನುಭೋಗ ಇಬ್ಬರೂ ಕುಳವಾಡಿಯನ್ನು ಕರೀಬೇಕಿತ್ತು. ಅವನು ನಡೆದು ತೋರಿಸಿದ್ದೇ ಗಡಿ. ನೀರು ಹಂಚಿದವನಿಗೆ ಆ ನೀರು ಮುಟ್ಟೋ ಹಾಗಿಲ್ಲ. ಗಡಿ ತೋರಿಸಿದವನಿಗೆ ಅಂಗೈ ಅಗಲ ಜಮೀನು ಕೇಳೋ ಹಾಗಿಲ್ಲ. ನಿಮ್ಮ ತಾತಂದಿರಲ್ಲಿ ಯಾರಾದರೂ ನೀರುಗಂಟಿ, ತೋಟಿ, ಕುಳವಾಡಿ ಇದ್ದರೆ ಈ ರಜದಲ್ಲಿ ಅವರ ಮುಂದೆ ಕೂತು ಕೇಳಿ. ಅವರ ತಲೆಯಲ್ಲಿರೋ ಊರ ಚರಿತ್ರೆ ಯಾವ ಮ್ಯೂಸಿಯಮ್ಮಿನಲ್ಲೂ ಇಲ್ಲ.

ಬೆಂಗಳೂರಿಗೆ ಹೋದವರು ಕಬ್ಬನ್ ಪಾರ್ಕ್ ಪಕ್ಕದ ಸರ್ಕಾರಿ ಮ್ಯೂಸಿಯಂ ನೋಡಿ. ೧೮೬೫ರಲ್ಲಿ ಶುರುವಾದದ್ದು. ಅಲ್ಲಿ ಆತಕೂರಿನ ಕಲ್ಲು ಅಂತ ಒಂದಿದೆ. ಆತಕೂರು ಮದ್ದೂರು ತಾಲ್ಲೂಕು. ಕಲ್ಲಿನ ಕಾಲ ಕ್ರಿ.ಶ. ೯೫೦ರ ಆಸುಪಾಸು. ಮಣಲರ ಅನ್ನೋ ವೀರ ಯುದ್ಧದಲ್ಲಿ ಗೆದ್ದು, ಗಂಗರ ಬೂತುಗನ ಹತ್ತಿರ ಬಹುಮಾನವಾಗಿ ಒಂದು ನಾಯಿ ಕೇಳಿ ಪಡೆದ. ಆ ನಾಯಿ ಹೆಸರು ಕಾಳಿ. ಅದು ಕಾಡುಹಂದಿ ಜೊತೆ ಹೋರಾಡಿ ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿದರು, ಜಮೀನು ಬಿಟ್ಟರು, ಪೂಜೆಗೆ ಏರ್ಪಾಡು ಮಾಡಿದರು. ನಾಯಿಯ ಮೇಲೆ ನಮಗೆ ಸಿಟ್ಟಿಲ್ಲ. ಕಾಳಿ ಒಳ್ಳೇ ನಾಯಿ. ಆದರೆ ಆ ಕಲ್ಲಿನ ಮುಂದೆ ನಿಂತಾಗ ನಮ್ಮ ಅಪ್ಪನ ಅಪ್ಪನ ಹೆಸರಾಚೆಗೆ ನಮಗೆ ಒಂದು ಹೆಸರೂ ಗೊತ್ತಿಲ್ಲ ಅನ್ನೋದು ನೆನಪಾಯಿತು. ನಮ್ಮಲ್ಲಿ ಯಾರೂ ಮಾತಾಡಲಿಲ್ಲ.

ಕಲ್ಲಿನಲ್ಲಿ ನಮ್ಮ ಸುದ್ದಿ ಎಲ್ಲೂ ಇಲ್ಲವಾ? ಇದೆ, ಹೇಗಿದೆ ನೋಡಿ. ತಂಜಾವೂರಿನಲ್ಲಿ ರಾಜರಾಜ ಚೋಳ ೧೦೧೦ರಲ್ಲಿ ಮುಗಿಸಿದ ದೊಡ್ಡ ಗುಡಿಯ ಶಾಸನಗಳಲ್ಲಿ ತೆರಿಗೆ ಲೆಕ್ಕ ಇದೆ. ಅದರಲ್ಲಿ ಪರೈಚ್ಚೇರಿ, ತೀಂಡಾಚ್ಚೇರಿ ಅಂತ ಬರುತ್ತೆ. ಪರೆಯರ ಕೇರಿ, ಮುಟ್ಟಬಾರದವರ ಕೇರಿ. ಸಾವಿರ ವರ್ಷದ ಹಿಂದೆಯೇ ಕೇರಿ ಬೇರೆ ಇತ್ತು ಅನ್ನೋದಕ್ಕೆ ಗುಡಿಯ ಗೋಡೆಯೇ ಸಾಕ್ಷಿ. 'ಹಿಂದೆ ಎಲ್ಲ ಚೆನ್ನಾಗಿತ್ತು, ಬ್ರಿಟಿಷರು ಬಂದು ಜಾತಿ ಮಾಡಿದರು' ಅನ್ನೋರಿಗೆ ಆ ಗೋಡೆ ತೋರಿಸಿ.

ನಮ್ಮದೇ ಅನ್ನಿಸೋ ಕಲ್ಲುಗಳೂ ಇವೆ. ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ. ಅದೇ ರೈಸ್ ೧೮೯೨ರಲ್ಲಿ ಪತ್ತೆ ಮಾಡಿದ್ದು. ಒಳ್ಳೇ ದಾರಿಯಲ್ಲಿ ನಡೆದರೆ ದೊಡ್ಡವನಷ್ಟೇ ಅಲ್ಲ, ಚಿಕ್ಕವನೂ ಮೇಲಕ್ಕೆ ಏರಬಹುದು ಅನ್ನೋ ಅರ್ಥದ ಮಾತು ಅದರಲ್ಲಿದೆ. ಕೊನೆಗೆ ಅದನ್ನು ಬರೆದ ಲಿಪಿಕಾರ ಚಪಡ ತನ್ನ ಹೆಸರನ್ನೂ ಹಾಕಿದ್ದಾನೆ. ಚಕ್ರವರ್ತಿಯ ಬಂಡೆ ಮೇಲೆ ಗುಮಾಸ್ತನ ಸಹಿ! ಪುಣೆ ಹತ್ತಿರ ಭೀಮಾ ಕೋರೆಗಾಂವ್‌ನ ಕಂಬದ ಮೇಲೆ ೧೮೧೮ರ ಕಾಳಗದಲ್ಲಿ ಸತ್ತ ಮಹಾರ್ ಸೈನಿಕರ ಹೆಸರುಗಳಿವೆ. ಬಾಬಾಸಾಹೇಬರು ೧೯೨೭ರ ಜನವರಿ ೧ರಂದು ಅಲ್ಲಿಗೆ ಹೋದರು. ಒಂದು ಕಂಬ ನೋಡಿ ಬರೋದರಿಂದ ಏನಾಗುತ್ತೆ ಅಂತ ಕೇಳೋರಿಗೆ, ಅಲ್ಲಿಗೆ ಈಗ ಪ್ರತಿ ಜನವರಿ ೧ಕ್ಕೆ ಸೇರೋ ಜನವೇ ಉತ್ತರ.

ತೋಟಗಳನ್ನೂ ಬಿಡಬೇಡಿ. ಲಾಲ್‌ಬಾಗನ್ನು ೧೭೬೦ರಲ್ಲಿ ಹೈದರಾಲಿ ಶುರು ಮಾಡಿದ, ಗಾಜಿನ ಮನೆ ೧೮೮೯ರದ್ದು. ಅಲ್ಲಿ ಎಲ್ಲರೂ ಒಟ್ಟಿಗೆ ಕೂರಬಹುದು. 'ಎದ್ದೇಳು' ಅನ್ನೋರಿಲ್ಲ. ಊರ ಕಟ್ಟೆ ಮುಂದೆ ಚಪ್ಪಲಿ ಕೈಲಿ ಹಿಡಿದು ನಡೆದ ಅಪ್ಪನ ಮಗ ಲಾಲ್‌ಬಾಗಿನ ಬೆಂಚಿನ ಮೇಲೆ ಕಾಲು ಚಾಚಿ ಕೂರೋದೂ ಒಂದು ಪಾಠವೇ. ಸುಮ್ಮನೆ ಕೂತು ಗಾಳಿ ಕುಡಿಯೋ ಹಕ್ಕೂ ನಮಗೆ ಬೇಕು. ಎಲ್ಲ ರಜವನ್ನೂ ಹೋರಾಟಕ್ಕೇ ಇಡಬೇಕು ಅಂತ ನಾವು ಹೇಳೋಲ್ಲ.

ಇನ್ನು ಮುಂದೆ ಪ್ರವಾಸ ಹೊರಡುವಾಗ ಇಷ್ಟು ನೆನಪಿಡಿ.

ಒಂದು, ಹೋಗೋ ಮೊದಲು ಓದಿ. 'ಎಪಿಗ್ರಾಫಿಯ ಕರ್ನಾಟಿಕ' ಅನ್ನೋ ಸಂಪುಟಗಳಲ್ಲಿ ನಮ್ಮ ತಾಲ್ಲೂಕು ತಾಲ್ಲೂಕಿನ ಶಾಸನಗಳಿವೆ. ಹಾಸನ ಜಿಲ್ಲೆಯದು ಐದನೇ ಸಂಪುಟ, ೧೯೦೨ರಲ್ಲಿ ಬಂತು. ದೊಡ್ಡ ಲೈಬ್ರರಿಗಳಲ್ಲಿ ಕೇಳಿ. ಮೊದಲ ಓದಿಗೆ ಅರ್ಥವಾಗೋಲ್ಲ, ಹೆದರಬೇಡಿ. ಕನ್ನಡ ಮೇಷ್ಟ್ರನ್ನು ಹಿಡಿದುಕೊಳ್ಳಿ.

ಎರಡು, ಒಂದು ನೋಟು ಬುಕ್ಕು, ಪೆನ್ನು ಇರಲಿ. ಕಟ್ಟಿಸಿದವರ ಹೆಸರು, ಕೆತ್ತಿದವರ ಹೆಸರು, ಇಸವಿ ಬರೆದುಕೊಳ್ಳಿ. ಹೆಸರಿಲ್ಲದ ಕೆಲಸ ಯಾವ್ಯಾವುದು ಅನ್ನೋ ಇನ್ನೊಂದು ಪಟ್ಟಿಯನ್ನೂ ಮಾಡಿ. ಎರಡನೇ ಪಟ್ಟಿ ಉದ್ದ ಆಗುತ್ತೆ.

ಮೂರು, ಕಲ್ಲಿನ ಮೇಲೆ ನಿಮ್ಮ ಹೆಸರು ಗೀಚಬೇಡಿ. ಸಿಟ್ಟಿದ್ದರೂ ಬೇಡ. ಅದು ಹೊತ್ತವರ ಬೆವರಿನ ಮೇಲೆ ಗೀಚಿದ ಹಾಗೆ. ಹೆಸರು ಬರೆಯೋಕೆ ಪರೀಕ್ಷೆ ಹಾಳೆ ಇದೆ, ಪುಸ್ತಕ ಇದೆ, ಈ ಪತ್ರಿಕೆ ಇದೆ.

ನಾಲ್ಕು, ಮುಂಚೆ ವಿಚಾರಿಸಿ ಹೋಗಿ. ಪುರಾತತ್ವ ಇಲಾಖೆಯ ಮ್ಯೂಸಿಯಂಗಳು ಸಾಮಾನ್ಯವಾಗಿ ಶುಕ್ರವಾರ ಮುಚ್ಚಿರ್ತವೆ. ಇಲಾಖೆಯ ಸ್ಮಾರಕಗಳಲ್ಲಿ ಟಿಕೆಟ್ಟಿರೋ ಕಡೆಯೂ ೧೫ ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟಿಲ್ಲ. ತಮ್ಮ ತಂಗಿಯರನ್ನೂ ಕರೆದುಕೊಂಡು ಹೋಗಿ.

ಐದು, ಬರುವಾಗ ಆ ಊರ ಕೇರಿಗೂ ಹೋಗಿ ಬನ್ನಿ. ಗುಡಿಯಿಂದ ಕೇರಿಗೆ ಎಷ್ಟು ಹೆಜ್ಜೆ ಅಂತ ಎಣಿಸಿ. ಕೇರಿಯಲ್ಲಿ ನೀರು ಕೇಳಿ ಕುಡಿಯಿರಿ. ಅಲ್ಲಿನ ಅಜ್ಜಿ ತಾತಂದಿರು ಆ ಗುಡಿ ಒಳಗೆ ಯಾವತ್ತಾದರೂ ಹೋಗಿದ್ದರಾ ಕೇಳಿ.

ಒಂದು ಊರಲ್ಲಿ ನಾವು ಹಾಗೆ ಕೇಳಿದಾಗ, ಊರ ಹೆಸರು ಬೇಡ, ಒಬ್ಬ ಅಜ್ಜಿ ಹೇಳಿದಳು: 'ಹೋಗಿಲ್ಲ ಕಣಪ್ಪ. ಮಳೆ ಬಂದಾಗ ಅದರ ಗೋಡೆಗೆ ಒರಗಿಕೊಂಡು ನಿಂತಿದ್ದೀನಿ.' 'ಒಳಗೆ ಏನಿದೆ ಗೊತ್ತಾ ಅಜ್ಜಿ?' ಅಂದೆವು. 'ನೀವು ಓದಿದೋರು, ನೋಡ್ಕೊಂಡ್ ಬಂದು ನಂಗೂ ಹೇಳ್ರಪ್ಪ' ಅಂದಳು. ಎಂಬತ್ತು ವರ್ಷ ಆ ಗೋಡೆ ಪಕ್ಕದಲ್ಲೇ ಬದುಕಿದವಳು. ನಾವು ಒಳಗೆ ಹೋಗಿ ನೋಡಿ ಬಂದು, ಕೇರಿಯ ಜಗಲಿ ಮೇಲೆ ಕೂತು ಅವಳಿಗೆ ಆನೆ ಸಾಲು, ಕುದುರೆ ಸಾಲು, ಯುದ್ಧದ ಕತೆ ಎಲ್ಲ ಹೇಳಿದೆವು. ಸಾಯಂಕಾಲದ ಬಸ್ಸು ತಪ್ಪಿತು. ಪರವಾಗಿಲ್ಲ. ಮಾರನೇ ದಿನ ಅಜ್ಜಿಯನ್ನೇ ಕರೆದುಕೊಂಡು ಹೋದೆವು. ಬಾಗಿಲಲ್ಲಿ ಒಬ್ಬರು 'ಯಾವ ಜನ?' ಅಂತ ಕೇಳಿದರು. ನಾವು ಬಾಯಿ ತೆರೆಯೋ ಮೊದಲೇ ಅಜ್ಜಿ 'ಇದೇ ಊರೋಳು ಕಣಪ್ಪ' ಅಂದು ಒಳಗೆ ಕಾಲಿಟ್ಟಳು.

ಹಾಗಾಗಿ ತಮ್ಮಾ, ಬೆಳಿಗ್ಗೆ ಚಪ್ಪಲಿ ಜೋಡಿಸಿದೆಯಲ್ಲ, ನಿನಗೇ ಹೇಳ್ತಾ ಇರೋದು. ನಿನ್ನನ್ನು ನಾವು ಬೈಯೋಲ್ಲ. ನಿನ್ನ ಅಪ್ಪ ಕಟ್ಟಿದ ದಂಡ ನಮ್ಮೆಲ್ಲರ ತಲೆ ಮೇಲೂ ಇದೆ. ತಪ್ಪು ನಮ್ಮದು ಕೂಡ. ನೀನು ಹೊರಗೆ ಕೂತದ್ದು ನೋಡಿಯೂ ನಾವು ಕೈ ಹಿಡಿದು ಎಬ್ಬಿಸಲಿಲ್ಲ. ನಮ್ಮ ಚಪ್ಪಲಿ ಜೋಪಾನವಾಗಿರುತ್ತೆ ಅಂತ ಒಳಗೊಳಗೇ ಸಮಾಧಾನ ಪಟ್ಟುಕೊಂಡೆವೋ ಏನೋ. ಚಳವಳಿ ಮಾಡೋರೂ ಇಂಥ ಕಡೆ ಎಡವುತ್ತಾರೆ. ಅದನ್ನು ಒಪ್ಪಿಕೊಳ್ಳಬೇಕು.

ಊಟ ಆದ ಮೇಲೆ ಎಲ್ಲರೂ ಮತ್ತೊಂದು ಸಲ ಹೋಗೋಣ. ಸೋಮೇಶ್ವರನ ಗುಡಿಯೂ ನೋಡೋದಿದೆ. ಕೈ ಮುಗಿಯೋದು ಬಿಡೋದು ಅವರವರ ಇಷ್ಟ. ನೀನು ಮುಂದೆ ನಡಿ, ನಾವು ಹಿಂದೆ ಬರ್ತೇವೆ. ಕಟ್ಟಿಸಿದ ಮೂವರ ಹೆಸರು ನೀನೇ ಗಟ್ಟಿಯಾಗಿ ಹೇಳು. ಆಮೇಲೆ ಹೆಸರಿಲ್ಲದವರ ಪಟ್ಟಿಯನ್ನು ಎಲ್ಲರೂ ಸೇರಿ ಓದೋಣ: ಅಗೆದವರು, ಹೊತ್ತವರು, ಎಳೆದವರು, ತಿದಿ ಹೊಲಿದವರು, ಊದಿದವರು.

ಚಪ್ಪಲಿ ಯಾರು ಕಾಯ್ತಾರೆ ಅಂತೀರಾ? ಯಾರೂ ಬೇಡ. ಕಳೆದು ಹೋದರೆ ಬರಿಗಾಲಲ್ಲಿ ಅರಸೀಕೆರೆಗೆ ನಡೆಯೋಣ. ನಮ್ಮ ಅಪ್ಪಂದಿರಿಗೆ ಅಭ್ಯಾಸ ಇತ್ತು.

ಈಗ ಏಳಿ, ಊಟಕ್ಕೆ ಕೂರೋಣ. ಹೆಣ್ಣುಮಕ್ಕಳು ಬಡಿಸೋದು ಬೇಡ, ಗಂಡು ಹುಡುಗರು ಬಡಿಸಲಿ.

ಜೈ ಭೀಮ್.